ಮನೆಯಂಗಳದಲ್ಲಿಯೇ ಮೋಟಾರು ಕಾರಿನ ಪರಿಪಾಲನೆ

ಎತ್ತುಗಳನ್ನು ಸಾಕಿರುವ ರೈತನು ಬೆಳಿಗ್ಗೆ ಎದ್ದೊಡನೆ ಕೊಟ್ಟಿಗೆಗೆ ಹೋಗಿ, ಅವುಗಳ ಕಣ್ಣು, ಗೊರಸು, ಹೆಗಲುಗಳನ್ನು ನೋಡದೆ ನೊಗ ಹೂಡುವುದಿಲ್ಲ. ಅದೇ ಮನೆಯ ಅಂಗಳದಲ್ಲಿ ನಿಂತಿರುವ ಮೋಟಾರು ಕಾರಾದರೋ, ಬೀಗದ ಕೈಯನ್ನು ತಿರುಗಿಸಿದರೆ ಹೊರಡುವುದೆಂಬ ಭರವಸೆಯ ಮೇಲೆ, ತಿಂಗಳುಗಟ್ಟಲೆ ಯಾರ ವಿಚಾರಣೆಯೂ ಇಲ್ಲದೆ ಉಳಿಯುವುದುಂಟು. ರಾತ್ರಿಯ ವೇಳೆ ಹೆರಿಗೆಯ ಬೇನೆಯಾದವರನ್ನಾಗಲಿ, ಹಾವು ಕಚ್ಚಿದವರನ್ನಾಗಲಿ ತಾಲ್ಲೂಕು ಆಸ್ಪತ್ರೆಗೆ ಸಾಗಿಸಬೇಕಾದಾಗ ಗ್ರಾಮದವರು ಮೊದಲು ಬಾಗಿಲು ತಟ್ಟುವುದು ಊರಿನಲ್ಲಿ ಕಾರುಳ್ಳ ಮನೆಯನ್ನೇ. ಆದುದರಿಂದ ಗ್ರಾಮದ ಮುಖಂಡರ ಮತ್ತು ಭೂಮಾಲೀಕರ ಕಾರು ಸುಸ್ಥಿತಿಯಲ್ಲಿರುವುದು ಅವರ ಸ್ವಂತ ಅನುಕೂಲಕ್ಕೆ ಮಾತ್ರ ಸಂಬಂಧಪಟ್ಟ ವಿಷಯವಲ್ಲ.

ಸರ್ವಿಸು ಎಂದು ಗ್ಯಾರೇಜಿನವರು ಕರೆಯುವ ಕೆಲಸದಲ್ಲಿ ಬಹುಭಾಗವು ಕೈಯಳತೆಗೆ ಮೀರಿದುದೇನೂ ಅಲ್ಲ. ಎಂಜಿನಿನ ಎಣ್ಣೆಯನ್ನೂ ಅದರ ಫಿಲ್ಟರನ್ನೂ ಬದಲಾಯಿಸುವುದು, ಗಾಳಿಯ ಫಿಲ್ಟರನ್ನು ಶುಚಿಮಾಡುವುದು, ರೇಡಿಯೇಟರು, ಬ್ಯಾಟರಿ, ಟೈರುಗಳನ್ನು ಪರೀಕ್ಷಿಸುವುದು, ಇಷ್ಟನ್ನು ಪಂಪುಸೆಟ್ಟನ್ನೋ ಟ್ರಾಕ್ಟರನ್ನೋ ನೋಡಿಕೊಂಡು ಅಭ್ಯಾಸವಿರುವ ಯಾವ ರೈತನಾದರೂ ಅರ್ಧ ದಿನದಲ್ಲಿ ಮಾಡಬಲ್ಲನು. ಬ್ರೇಕು, ಸ್ಟೀರಿಂಗು, ಎಂಜಿನಿನ ಟೈಮಿಂಗ್ ಬೆಲ್ಟು ಇವುಗಳನ್ನು ಬಿಚ್ಚುವ ಕೆಲಸವನ್ನು ಮಾತ್ರ ತಿಳಿದ ಮೇಸ್ತ್ರಿಗೇ ಬಿಡತಕ್ಕದ್ದು. ಕಂಪೆನಿಯ ವಾರಂಟಿ ಇನ್ನೂ ಮುಗಿಯದಿರುವ ಹೊಸ ಕಾರನ್ನು, ವಾರಂಟಿಯ ಷರತ್ತುಗಳನ್ನು ಓದದೆ ಮನೆಯಲ್ಲಿ ಮುಟ್ಟದಿರುವುದೇ ಲೇಸು.

ಎಂಜಿನಿನ ಎಣ್ಣೆಯು ಏತಕ್ಕಾಗಿ ಕೆಡುತ್ತದೆಂಬುದನ್ನು ಮೊದಲು ತಿಳಿಯಬೇಕು. ಸಿಲಿಂಡರಿನೊಳಗೆ ಪಿಸ್ಟನ್ನು ಮಿನಿಟಿಗೆ ಸಾವಿರಾರು ಸಲ ಮೇಲಕ್ಕೂ ಕೆಳಕ್ಕೂ ಓಡಾಡುವಾಗ ಲೋಹಕ್ಕೂ ಲೋಹಕ್ಕೂ ನಡುವೆ ಇರುವುದು ಎಣ್ಣೆಯ ತೆಳುವಾದ ಪೊರೆಯೊಂದೇ. ಈ ಎಣ್ಣೆಯು ಜಾರಿಕೆಯನ್ನು ಒದಗಿಸುವುದಲ್ಲದೆ ಶಾಖವನ್ನು ಹೊತ್ತೊಯ್ಯುತ್ತದೆ; ಸುಟ್ಟ ಇಂಧನದ ಮಸಿಯನ್ನೂ ಸವೆದ ಲೋಹದ ಪುಡಿಯನ್ನೂ ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಕಾಲಕ್ರಮದಲ್ಲಿ ಅದು ಕಪ್ಪಾಗಿ, ತನ್ನ ಗುಣವನ್ನು ಕಳೆದುಕೊಳ್ಳುತ್ತದೆ. ಮನೆಯಿಂದ ತೋಟಕ್ಕೆ, ತೋಟದಿಂದ ಸೊಸೈಟಿಗೆ ಎಂದು ಎರಡು ಮೂರು ಕಿಲೋಮೀಟರು ಮಾತ್ರ ಓಡುವ ಕಾರಿನ ಎಣ್ಣೆಯು ಹೆಚ್ಚು ದೂರ ಓಡುವ ಕಾರಿನ ಎಣ್ಣೆಗಿಂತ ಬೇಗ ಕೆಡುವುದೆಂದರೆ ಅನೇಕರು ನಂಬಲಾರರು. ಆದರೆ ಅದು ನಿಜ. ಎಂಜಿನು ಪೂರ್ತಿಯಾಗಿ ಕಾಯುವ ಮೊದಲೇ ನಿಂತುಹೋಗುವುದರಿಂದ, ಎಣ್ಣೆಗೆ ಸೇರಿದ ನೀರಿನಂಶವೂ ಪೆಟ್ರೋಲಿನಂಶವೂ ಆವಿಯಾಗದೆ ಅಲ್ಲಿಯೇ ಉಳಿಯುತ್ತವೆ. ಹಳೆಯ ಮಾದರಿಯ ಪೆಟ್ರೋಲು ಕಾರುಗಳಿಗೆ ಸಾಮಾನ್ಯವಾಗಿ 5,000 ಕಿಲೋಮೀಟರಿಗೊಮ್ಮೆ, ಈಚಿನ ಬಹುಪಾಲು ಕಾರುಗಳಿಗೆ 10,000 ಕಿಲೋಮೀಟರಿಗೊಮ್ಮೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಆಗ, ಎಣ್ಣೆಯನ್ನು ಬದಲಾಯಿಸಬೇಕೆಂದು ಕಂಪೆನಿಗಳು ತಿಳಿಸುತ್ತವೆ. ಮಣ್ಣುರಸ್ತೆಯ ಧೂಳಿನಲ್ಲಿ ದಿನವೂ ಓಡುವ ಗಾಡಿಗೆ ಈ ಅವಧಿಯನ್ನು ಕಡಿಮೆ ಮಾಡಿಕೊಳ್ಳಬೇಕು.

ಎಣ್ಣೆಯ ಡಬ್ಬಿಯ ಮೇಲೆ 20ಡಬ್ಲ್ಯು-40, 5ಡಬ್ಲ್ಯು-30 ಎಂಬಂತೆ ಗುರುತುಗಳಿರುತ್ತವೆ. ಮೊದಲನೆಯ ಅಂಕಿಯು ಚಳಿಯಲ್ಲಿಯೂ, ಎರಡನೆಯ ಅಂಕಿಯು ಎಂಜಿನು ಕಾದಾಗಲೂ ಎಣ್ಣೆಯು ಎಷ್ಟು ಗಟ್ಟಿಯಾಗಿರುವುದೆಂಬುದನ್ನು ಸೂಚಿಸುತ್ತದೆ. ಕಾರಿನೊಡನೆ ಬಂದ ಪುಸ್ತಕದಲ್ಲಿ ಹೇಳಿರುವ ಗುರುತಿನದನ್ನೇ ಕೊಳ್ಳಬೇಕಲ್ಲದೆ, ಟ್ರಾಕ್ಟರಿಗೆ ತಂದು ಉಳಿದಿದೆಯೆಂದು ಸಿಕ್ಕಿದುದನ್ನು ಸುರಿಯಕೂಡದು. 1983ರಲ್ಲಿ ಮಾರಾಟಕ್ಕೆ ಬಂದು 2014ರಲ್ಲಿ ತಯಾರಿಕೆ ನಿಂತ ಮಾರುತಿ 800 ಕಾರು ಇಂದಿಗೂ ಅನೇಕ ಗ್ರಾಮಗಳಲ್ಲಿ ಓಡುತ್ತಿದೆ. ಮೂರು ಸಿಲಿಂಡರುಗಳ, 796 ಘನ ಸೆಂಟಿಮೀಟರಿನ ಅಂತಹ ಸಣ್ಣ ಎಂಜಿನಿಗೆ ಸುಮಾರು 3 ಲೀಟರು ಎಣ್ಣೆ ಸಾಕು.

ಕೆಲಸಕ್ಕೆ ಸಮತಟ್ಟಾದ ಗಟ್ಟಿನೆಲವೇ ಬೇಕು. ಎಂಜಿನನ್ನು ಐದು ಮಿನಿಟುಗಳ ಕಾಲ ಓಡಿಸಿ ನಿಲ್ಲಿಸಿದರೆ ಎಣ್ಣೆಯು ಬೆಚ್ಚಗಾಗಿ ಸರಾಗವಾಗಿ ಇಳಿಯುವುದು. ಬಹಳವಾಗಿ ಕಾದಿದ್ದರೆ ಕೈ ಸುಡುವುದು. ಬಾಗಿಲು ಮುಚ್ಚಿದ ಶೆಡ್ಡಿನೊಳಗೆ ಎಂಜಿನನ್ನು ಎಂದಿಗೂ ಓಡಿಸಕೂಡದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡು ಎಂಬ ವಿಷವಾಯುವಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಗಾಡಿಯ ಕೆಳಗೆ ನುಗ್ಗಬೇಕಾದ ಸಂದರ್ಭವು ಈ ಇಡೀ ಕೆಲಸದಲ್ಲಿ ಪ್ರಾಣಾಪಾಯದ್ದು. ಕಾರಿನೊಡನೆ ಕೊಟ್ಟಿರುವ ಜಾಕು ಚಕ್ರ ಬದಲಾಯಿಸುವುದಕ್ಕೆಂದು ಮಾಡಿದುದೇ ಹೊರತು ಅದರಡಿ ಮನುಷ್ಯನು ಮಲಗುವುದಕ್ಕಲ್ಲ. ಜಾಕಿನ ಮೇಲೆ ಎತ್ತಿದ ಗಾಡಿಯು ಸ್ವಲ್ಪ ಅಲುಗಿದರೂ ಜಾರಿ ಬೀಳಬಹುದು. ಹ್ಯಾಂಡುಬ್ರೇಕನ್ನು ಎಳೆದು, ಗೇರಿನಲ್ಲಿಟ್ಟು, ನೆಲದ ಮೇಲೆ ಉಳಿಯುವ ಚಕ್ರಗಳ ಹಿಂದೆಯೂ ಮುಂದೆಯೂ ಮರದ ತುಂಡುಗಳನ್ನು ಒತ್ತರಿಸಿ, ಎತ್ತಿದ ಮೇಲೆ ಕಬ್ಬಿಣದ ಸ್ಟ್ಯಾಂಡುಗಳನ್ನು ಕಂಪೆನಿಯು ಗುರುತಿಸಿರುವ ಸ್ಥಳಗಳಲ್ಲಿಯೇ ಇಟ್ಟು, ಗಾಡಿಯನ್ನು ಕೈಯಿಂದ ದೂಡಿ ನೋಡಿ, ಅಲುಗದೆಂದು ಖಚಿತವಾದ ಬಳಿಕವೇ ಕೆಳಗೆ ಹೋಗತಕ್ಕದ್ದು. ಇಟ್ಟಿಗೆ, ಹೆಂಚು, ಟೊಳ್ಳು ಸಿಮೆಂಟಿನ ಬ್ಲಾಕುಗಳು ಭಾರಕ್ಕೆ ತಟ್ಟನೆ ಒಡೆಯುವುದರಿಂದ ಅವುಗಳನ್ನು ಆಧಾರವಾಗಿಡಲೇಕೂಡದು. ಸ್ಟ್ಯಾಂಡುಗಳಿಲ್ಲದವರು ಎಣ್ಣೆ ಬದಲಾಯಿಸುವ ಕೆಲಸವನ್ನು ಗ್ಯಾರೇಜಿಗೆ ಬಿಟ್ಟು ಉಳಿದುವನ್ನು ಮನೆಯಲ್ಲಿ ಮಾಡಿಕೊಳ್ಳಲಿ.

ಎಂಜಿನಿನ ತಳದ ತೊಟ್ಟಿಗಿರುವ ಬಿರಡೆಯನ್ನು ಸರಿಯಾದ ಅಳತೆಯ ಸ್ಪ್ಯಾನರಿನಿಂದ ಸಡಿಲಿಸಿ, ಅಗಲವಾದ ಬೋಗುಣಿಯನ್ನು ಕೆಳಗಿಟ್ಟು, ಕೊನೆಯ ಸುತ್ತುಗಳನ್ನು ಬೆರಳಿನಿಂದ ತಿರುಗಿಸಿ ತೆಗೆಯಬೇಕು. ಮೇಲಿನ ಮುಚ್ಚಳವನ್ನು ತೆರೆದಿಟ್ಟರೆ ಎಣ್ಣೆ ಬೇಗ ಇಳಿಯುವುದು. ಹನಿ ನಿಂತ ಮೇಲೆ ಬಿರಡೆಗೆ ಹೊಸ ವಾಷರನ್ನು ಹಾಕಿ, ಮೊದಲು ಕೈಯಿಂದಲೇ ತಿರುಗಿಸಿ, ಮರೆಯು ಸರಿಯಾಗಿ ಕೂತಿತೆಂದು ಕಂಡುಬಂದ ತರುವಾಯ ಸ್ಪ್ಯಾನರಿನಿಂದ ಬಿಗಿಯಬೇಕು. ಮೈಯೆಲ್ಲಾ ಬಲವನ್ನೂ ಹಾಕಿ ಬಿಗಿದು ಅಲ್ಯೂಮಿನಿಯಂ ತೊಟ್ಟಿಯ ಮರೆಯನ್ನು ಕೆಡಿಸಿಕೊಂಡವರಿಗೆ, ಉಳಿಸಿದ ಹಣದ ಹಲವು ಪಾಲು ಖರ್ಚು ತಗಲುವುದು.

ಎಣ್ಣೆಯ ಫಿಲ್ಟರನ್ನು ತೆಗೆದೊಡನೆ ಅದರ ರಬ್ಬರಿನ ಬಳೆಯೂ ಕೂಡ ಬಂದಿತೇ ಎಂಬುದನ್ನು ನೋಡಬೇಕು. ಹಳೆಯ ಬಳೆಯು ಎಂಜಿನಿಗೆ ಅಂಟಿಕೊಂಡಿದ್ದು, ಅದರ ಮೇಲೆ ಹೊಸದು ಕೂತರೆ, ಓಡುವಾಗ ಎಣ್ಣೆಯೆಲ್ಲವೂ ಹೊರಕ್ಕೆ ಚಿಮ್ಮಿ ಕೆಲವೇ ಮಿನಿಟುಗಳಲ್ಲಿ ಎಂಜಿನು ಹಿಡಿದುಕೊಳ್ಳಬಹುದು. ಹೊಸ ಬಳೆಗೆ ಹೊಸ ಎಣ್ಣೆಯನ್ನು ಬೆರಳಿನಿಂದ ಸವರಿ, ಫಿಲ್ಟರು ತಗುಲುವವರೆಗೆ ತಿರುಗಿಸಿ, ಬಳಿಕ ಸುಮಾರು ಮುಕ್ಕಾಲು ಸುತ್ತನ್ನು ಕೈಯಿಂದಲೇ ಬಿಗಿದರೆ ಸಾಕು. ಅನಂತರ ಪುಸ್ತಕದಲ್ಲಿ ಹೇಳಿದ ಪ್ರಮಾಣಕ್ಕೆ ಸ್ವಲ್ಪ ಕಡಿಮೆಯಾಗಿ ಎಣ್ಣೆ ಹೊಯ್ದು, ಎಂಜಿನನ್ನು ಚಾಲೂ ಮಾಡಬೇಕು. ಎಣ್ಣೆಯ ಕೆಂಪು ದೀಪವು ಕೆಲವು ಸೆಕೆಂಡುಗಳಲ್ಲಿ ಆರಬೇಕು. ಆರದಿದ್ದರೆ ತಕ್ಷಣ ನಿಲ್ಲಿಸತಕ್ಕದ್ದು. ಬಿರಡೆಯಲ್ಲಿಯೂ ಫಿಲ್ಟರಿನಲ್ಲಿಯೂ ಸೋರಿಕೆಯಿಲ್ಲವೆಂದು ನೋಡಿ, ಎಂಜಿನನ್ನು ನಿಲ್ಲಿಸಿ, ಗಾಡಿಯನ್ನು ನೆಲಕ್ಕಿಳಿಸಿ, ಎಣ್ಣೆಯೆಲ್ಲ ತಳಕ್ಕಿಳಿಯಲು ಐದು ಮಿನಿಟು ಬಿಟ್ಟು ಅಳತೆಯ ಕಡ್ಡಿಯನ್ನು ಒರೆಸಿ ಅದ್ದಿ ನೋಡಬೇಕು. ಮೇಲಿನ ಗುರುತನ್ನು ದಾಟಕೂಡದು. ಎಣ್ಣೆ ಹೆಚ್ಚಾದರೂ ಕೆಡುಕೇ. ತಿರುಗುವ ಕ್ರ್ಯಾಂಕು ಅದನ್ನು ಮಜ್ಜಿಗೆಯಂತೆ ಕಡೆದು ನೊರೆಮಾಡುವುದು.

ಬೋಗುಣಿಯಲ್ಲಿ ಉಳಿದ ಕಪ್ಪೆಣ್ಣೆಯ ವಿಷಯದಲ್ಲಿ ಗ್ರಾಮಾಂತರಗಳಲ್ಲಿ ಬಹಳ ಅಲಕ್ಷ್ಯವು ಕಂಡುಬರುತ್ತದೆ. ಚರಂಡಿಗೆ ಚೆಲ್ಲಿದುದು ಮಳೆಯೊಡನೆ ಕೆರೆಗೆ ಸೇರುತ್ತದೆ. ಬಾವಿಯ ಬಳಿ ಹೂತದ್ದು ನಿಧಾನವಾಗಿ ನೀರಿಗಿಳಿಯುತ್ತದೆ. ಕಜ್ಜಿ ಹತ್ತಿದ ದನಗಳಿಗೂ ನಾಯಿಗಳಿಗೂ ಇದನ್ನು ಬಳಿಯುವವರಿದ್ದಾರೆ. ಬಳಸಿದ ಎಣ್ಣೆಯಲ್ಲಿ ಲೋಹಗಳ ಅಂಶವೂ, ಚರ್ಮದ ಮೇಲೆ ಪದೇ ಪದೇ ತಗುಲಿದರೆ ಕ್ಯಾನ್ಸರನ್ನು ಉಂಟುಮಾಡಬಲ್ಲ ವಸ್ತುಗಳೂ ಇರುತ್ತವೆ. ದನಗಳಾದರೋ ಮೈಯನ್ನು ನೆಕ್ಕುತ್ತವೆ. ಕಜ್ಜಿಗೆ ಪಶುವೈದ್ಯರಲ್ಲಿ ತಕ್ಕ ಔಷಧವಿರುವಾಗ ಈ ಪದ್ಧತಿಯನ್ನು ಸಂಪೂರ್ಣವಾಗಿ ಬಿಡತಕ್ಕದ್ದು. ಭಾರತ ಸರ್ಕಾರದವರ 2016ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳಂತೆ ಬಳಸಿದ ಎಣ್ಣೆಯು ನೋಂದಾಯಿತ ಶುದ್ಧೀಕರಣದವರಿಗೆ ಸೇರತಕ್ಕ ವಸ್ತು. ಆದುದರಿಂದ ಅದನ್ನು ಹಳೆಯ ಡಬ್ಬಿಯಲ್ಲಿ ತುಂಬಿ, ಬಿಗಿಯಾಗಿ ಮುಚ್ಚಿ, ಅಂತಹವರಿಗೆ ಎಣ್ಣೆ ಒಪ್ಪಿಸುವ ಗ್ಯಾರೇಜಿಗೆ ಕೊಡುವುದು ಯುಕ್ತ. ಕೆಲಸ ಮಾಡುವವನು ಕೈಗವಸು ಹಾಕಿಕೊಂಡು, ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯಲಿ.

ಗಾಳಿಯ ಫಿಲ್ಟರಿನ ಕೆಲಸ ಸುಲಭ. ಸುಗ್ಗಿಯ ಕಾಲದಲ್ಲಿ ಕಣದ ಹೊಟ್ಟೂ ರಸ್ತೆಯ ಕೆಮ್ಮಣ್ಣೂ ಇದರಲ್ಲಿ ತುಂಬುತ್ತವೆ. ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆಯಕೂಡದು; ಮೆಲ್ಲಗೆ ತಟ್ಟಿ, ಕಡಿಮೆ ಒತ್ತಡದ ಗಾಳಿಯನ್ನು ಒಳಮೈಯಿಂದ ಹೊರಮೈಗೆ ಊದಬಹುದು. ಹರಿದಿದ್ದರೆ ಬದಲಾಯಿಸಲೇಬೇಕು, ಏಕೆಂದರೆ ಮರಳಿನ ಕಣವು ಸಿಲಿಂಡರನ್ನು ಸಾಣೆಯಂತೆ ಸವೆಸುತ್ತದೆ. ಬಾನೆಟ್ಟನ್ನು ಎತ್ತಿದಾಗಲೇ ಇಲಿಗಳು ವೈರುಗಳನ್ನು ಕಡಿದಿವೆಯೇ, ಗೂಡಿಗೆ ಹುಲ್ಲು ತಂದಿಟ್ಟಿವೆಯೇ ಎಂಬುದನ್ನೂ ನೋಡಿಬಿಡಬೇಕು. ಕಣಜದ ಪಕ್ಕದಲ್ಲಿ ಕಾರು ನಿಲ್ಲಿಸುವವರಿಗೆ ಈ ಮಾತನ್ನು ಹೆಚ್ಚಾಗಿ ಹೇಳಬೇಕಾದುದಿಲ್ಲ.

ರೇಡಿಯೇಟರಿನ ಮುಚ್ಚಳವನ್ನು ಎಂಜಿನು ಕಾದಿರುವಾಗ ತೆರೆಯುವುದು ಮಹಾ ಅವಿವೇಕ. ಒಳಗಿನ ನೀರು ಒತ್ತಡದಲ್ಲಿರುವುದರಿಂದ 100 ಡಿಗ್ರಿ ಸೆಂಟಿಗ್ರೇಡನ್ನು ಮೀರಿಯೂ ಕುದಿಯದೆ ಇದ್ದು, ಮುಚ್ಚಳ ತೆಗೆದೊಡನೆ ಉಕ್ಕಿ ಮುಖಕ್ಕೆ ಎರಚುವುದು. ಪೂರ್ತಿ ಆರಿದ ಮೇಲೆ ಕೂಲೆಂಟಿನ ಮಟ್ಟವನ್ನು ನೋಡಿ, ಕಡಿಮೆಯಿದ್ದರೆ ಅದೇ ಬಗೆಯದನ್ನು ಸೇರಿಸಬೇಕು. ಕೊಳವೆಬಾವಿಯ ಗಡಸು ನೀರನ್ನು ಹಾಕಿದರೆ, ಬಚ್ಚಲ ಹಂಡೆಯಲ್ಲಿ ಕಟ್ಟುವಂತೆಯೇ ಸುಣ್ಣವು ಸಣ್ಣ ಕೊಳವೆಗಳಲ್ಲಿ ಕಟ್ಟಿಕೊಳ್ಳುವುದು. ದನಕರುಗಳುಳ್ಳ ಮನೆಯವರು ಮುಖ್ಯವಾಗಿ ತಿಳಿಯಬೇಕಾದುದು ಇನ್ನೊಂದಿದೆ. ಕೂಲೆಂಟಿನಲ್ಲಿ ಸಾಮಾನ್ಯವಾಗಿರುವ ಎಥಿಲೀನ್ ಗ್ಲೈಕಾಲು ಸಿಹಿಯಾದ ವಿಷ. ನೆಲದ ಮೇಲೆ ಚೆಲ್ಲಿದುದನ್ನು ಕರುವೋ ನಾಯಿಯೋ ನೆಕ್ಕಿದರೆ ಮೂತ್ರಪಿಂಡಗಳು ಕೆಟ್ಟು ಸಾಯಬಹುದು. ಇಳಿಸಿದ ಹಳೆಯ ಕೂಲೆಂಟನ್ನು ಕೊಟ್ಟಿಗೆಯ ಬಕೀಟಿನಲ್ಲಿ ಹಿಡಿದಿಡುವುದಂತೂ ಕೂಡದು.

ಬ್ಯಾಟರಿಯ ತುದಿಗಳಲ್ಲಿ ಕಟ್ಟಿದ ಬಿಳಿ-ಹಸುರು ಕಿಲುಬನ್ನು ಅಡುಗೆಯ ಸೋಡ ಕರಗಿಸಿದ ನೀರಿನಿಂದ ಉಜ್ಜಿ, ಒಣಗಿಸಿ, ವ್ಯಾಸಲೀನನ್ನು ಸವರಬೇಕು. ತಂತಿಗಳನ್ನು ತೆಗೆಯುವಾಗ ಋಣದ್ದು ಮೊದಲು, ಹಾಕುವಾಗ ಋಣದ್ದು ಕೊನೆಗೆ. ನೀರು ಹಾಕುವ ಬಗೆಯ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರನ್ನು ಮಾತ್ರ ಹೊಯ್ಯತಕ್ಕದ್ದು. ಬ್ಯಾಟರಿಯಿಂದ ಹೊರಡುವ ಜಲಜನಕವು ಕಿಡಿಗೆ ಸಿಡಿಯುವುದರಿಂದ ಹತ್ತಿರ ಬೀಡಿ ಸೇದಕೂಡದು. ಟೈರುಗಳ ಗಾಳಿಯನ್ನು ಅವು ತಣ್ಣಗಿರುವಾಗ, ಎಂದರೆ ಓಡಾಟಕ್ಕೆ ಮೊದಲು ಅಳೆಯಬೇಕು. ಹಳ್ಳಗಳ ಆಳ 1.6 ಮಿಲಿಮೀಟರಿಗೆ ಇಳಿದರೆ ಟೈರಿನ ಆಯುಸ್ಸು ಮುಗಿದಂತೆ. ಮಳೆಯ ರಸ್ತೆಯಲ್ಲಿ ಅದು ಹಿಡಿತ ಕೊಡಲಾರದು. ಸ್ಟೆಪ್ನಿಯನ್ನು ಅಳೆಯಲು ಅನೇಕರು ಮರೆಯುತ್ತಾರೆ. ಬ್ರೇಕಿನ ದ್ರವದ ಮಟ್ಟವನ್ನು ನೋಡಬಹುದು, ಆದರೆ ಅದು ಇಳಿದಿದ್ದರೆ ತುಂಬಿಸಿ ಸುಮ್ಮನಿರದೆ ಮೇಸ್ತ್ರಿಗೆ ತೋರಿಸಬೇಕು. ಎಂಜಿನಿನ ಎಣ್ಣೆಯು ಒಂದು ತೊಟ್ಟು ಅದಕ್ಕೆ ಸೇರಿದರೂ ರಬ್ಬರಿನ ಭಾಗಗಳು ಊದಿ ಬ್ರೇಕು ಕೈಕೊಡುವುದು.

ಗಾಡಿಯ ಅಡಿಯನ್ನು ನೋಡುವ ಸಂದರ್ಭದಲ್ಲಿ ಗ್ರಾಮದ ಮುಖಂಡರು ಲಕ್ಷ್ಯಕ್ಕೆ ತಂದುಕೊಳ್ಳಬೇಕಾದ ಸಂಗತಿಯೊಂದುಂಟು. ಹುರುಳಿ, ರಾಗಿ ಮುಂತಾದ ಪೈರನ್ನು ಟಾರು ರಸ್ತೆಯ ಮೇಲೆ ಹರಡಿ, ಹೋಗಿಬರುವ ವಾಹನಗಳ ಚಕ್ರಗಳಿಂದಲೇ ಒಕ್ಕಣೆ ಮಾಡಿಸುವ ಪದ್ಧತಿಯು ಕರ್ನಾಟಕದ ಅನೇಕ ಭಾಗಗಳಲ್ಲಿ ನಡೆದುಬಂದಿದೆ. ಹುರುಳಿಯ ಬಳ್ಳಿಯು ಚಕ್ರದ ಆಕ್ಸಲಿಗೆ ಹಗ್ಗದಂತೆ ಸುತ್ತಿಕೊಂಡು, ತಿಕ್ಕಾಟದಿಂದಲೂ ಸೈಲೆನ್ಸರಿನ ಕೊಳವೆಯ ಶಾಖದಿಂದಲೂ ಹೊತ್ತಿ, ಕಾರುಗಳು ರಸ್ತೆಯ ನಡುವೆಯೇ ಸುಟ್ಟುಹೋದ ಪ್ರಸಂಗಗಳು ನಡೆದಿವೆ. ಅಂತಹ ರಸ್ತೆಯನ್ನು ದಾಟಿದವನು ಕರಕಲು ವಾಸನೆ ಬಂದರೆ, ಅಥವಾ ಬಾರದಿದ್ದರೂ, ಹುಲ್ಲಿಲ್ಲದ ಬಯಲಿನಲ್ಲಿ ಗಾಡಿ ನಿಲ್ಲಿಸಿ, ಒಳಗಿರುವವರನ್ನೆಲ್ಲ ಇಳಿಸಿ, ಅಡಿಯನ್ನು ಬಗ್ಗಿ ನೋಡಬೇಕು. ಸುತ್ತಿಕೊಂಡಿದ್ದರೆ ಎಂಜಿನು ಆರಿದ ಬಳಿಕ ಕುಡುಗೋಲಿನಿಂದ ಕತ್ತರಿಸಿ ತೆಗೆಯುವುದು. ಊರಿಗೊಂದು ಸಾರ್ವಜನಿಕ ಕಣವನ್ನು ಗಟ್ಟಿಮಾಡಿ ಕೊಟ್ಟಲ್ಲಿ ರೈತರು ರಸ್ತೆಗೆ ಹೋಗುವ ಕಾರಣವೇ ತಪ್ಪುವುದು. ಕಾಳಿಗೆ ಕಲ್ಲುಮಣ್ಣು ಬೆರೆಯದಿರುವುದೂ ಒಂದು ಲಾಭ.

ಕೆಲಸವಾದ ಮೇಲೆ ತಾರೀಖು, ಓಡಿದ ಕಿಲೋಮೀಟರು, ಹಾಕಿದ ಎಣ್ಣೆಯ ಗುರುತು ಇವನ್ನು ಒಂದು ಪುಸ್ತಕದಲ್ಲಿ ಬರೆದು, ರಶೀದಿಗಳನ್ನು ಅದರಲ್ಲಿಯೇ ಇಡಬೇಕು. ಮಾರುವ ಕಾಲಕ್ಕೆ ಈ ಪುಸ್ತಕವು ಬೆಲೆಯನ್ನು ಎತ್ತಿಕೊಡುವುದು. ಚಕ್ರಗಳನ್ನು ಬಿಚ್ಚಿದ್ದರೆ ಅವುಗಳ ನಟ್ಟುಗಳನ್ನು ಒಂದನ್ನು ಬಿಟ್ಟು ಒಂದರಂತೆ ಎದುರುಬದುರಾಗಿ ಬಿಗಿದು, 50 ಕಿಲೋಮೀಟರು ಓಡಿದ ಬಳಿಕ ಮತ್ತೊಮ್ಮೆ ಬಿಗಿದು ನೋಡತಕ್ಕದ್ದು. ಮಾರನೆಯ ದಿನ ಬೆಳಿಗ್ಗೆ ಕಾರು ನಿಂತಿದ್ದ ಜಾಗದಲ್ಲಿ ನೆಲದ ಮೇಲೆ ಎಣ್ಣೆಯ ಹನಿಯೇನಾದರೂ ಬಿದ್ದಿದೆಯೇ ಎಂದು ನೋಡಿದರೆ ಕೆಲಸವು ಪೂರ್ತಿಯಾಯಿತು.