ಬಿಸಿಲ ತಾರಸಿಯ ಕೆಂಪು ಚುಕ್ಕೆ

ಪುಟ್ಟಿ, ಹಾಸ್ಟೆಲ್ ತಾರಸಿಯಿಂದ ಎದುರು ಕಟ್ಟಡಕ್ಕೆ ಬಿಟ್ಟ ಕಿರಣ ಒಂದು ಕಡೆ ನಿಲ್ಲುತ್ತಿಲ್ಲ, ಅಲ್ಲಿ ಅಳೆದ ಬೆಳಕೂ ಏರಿಳಿಯುತ್ತಿದೆ, ಇನ್ನೂ ಹೆಚ್ಚು ಶಕ್ತಿಯ ಲೇಸರ್ ತರಿಸಲಾ ಅಂತ ಕೇಳಿದ್ದೆಯಲ್ಲ. ಬೇಡಮ್ಮ, ದುಡ್ಡು ದಂಡ. ನಿನ್ನ ಲೇಸರ್ ಚೆನ್ನಾಗಿಯೇ ಇದೆ. ಆಟ ಆಡಿಸುತ್ತಿರುವುದು ನಡುವಿನ ಗಾಳಿ.

ಕಾದ ದೋಸೆ ಕಾವಲಿಯ ಮೇಲಿಂದ ಆಚೆ ಗೋಡೆ ನೋಡಿದ್ದೀಯಾ? ನಡುಗಿದ ಹಾಗೆ ಕಾಣುತ್ತದೆ. ಮಧ್ಯಾಹ್ನದ ಸಿಮೆಂಟ್ ತಾರಸಿಯೂ ಅಂಥದ್ದೇ ಕಾವಲಿ. ಕಾದ ಗಾಳಿ ಮೇಲೇಳುತ್ತದೆ, ತಣ್ಣನೆಯದು ಇಳಿಯುತ್ತದೆ, ಸುಳಿಗಳು ಹುಟ್ಟುತ್ತವೆ. ದೊಡ್ಡ ಸುಳಿ ಒಡೆದು ಚಿಕ್ಕದು, ಅದೂ ಒಡೆದು ಇನ್ನೂ ಚಿಕ್ಕದು, ಕೊನೆಗೆ ಕೆಲವೇ ಮಿಲಿಮೀಟರಿನದಾಗಿ ಅಲ್ಲೇ ಕರಗಿಹೋಗುತ್ತದೆ. ಇದಕ್ಕೊಂದು ಲೆಕ್ಕ ಹಾಕಿಕೊಟ್ಟವರು ರಷ್ಯಾದ ಕೊಲ್ಮೊಗೊರೋವ್, 1941ರಲ್ಲಿ. ಒಂದು ಡಿಗ್ರಿ ಬಿಸಿ ಏರಿದರೆ ಗಾಳಿಯ ವಕ್ರೀಭವನಾಂಕ, ಅಂದರೆ ಅದು ಬೆಳಕನ್ನು ಬಾಗಿಸುವ ಅಳತೆ, ಬದಲಾಗುವುದು ಹೆಚ್ಚುಕಮ್ಮಿ 10 ಲಕ್ಷದಲ್ಲಿ ಒಂದು ಪಾಲು. ಇಷ್ಟೇನಾ ಅನ್ನಬೇಡ. ಕಿರಣ ದಾಟಬೇಕಾದ ಸುಳಿ ಒಂದೆರಡಲ್ಲ. ಕಿರಣಕ್ಕಿಂತ ದೊಡ್ಡವು ಅದನ್ನು ಇಡಿಯಾಗಿ ಆಚೀಚೆ ಎಳೆಯುತ್ತವೆ. ಚಿಕ್ಕವು ಅದನ್ನು ಹರಡಿ, ಒಳಗಿಂದಲೇ ಚೂರು ಮಾಡುತ್ತವೆ.

ಎದುರು ಗೋಡೆಗೆ ಬಿಳಿ ಹಾಳೆ ಅಂಟಿಸಿ ಹತ್ತು ನಿಮಿಷ ಸುಮ್ಮನೆ ನೋಡು. ಚುಕ್ಕೆ ಅಲೆಯುವುದು ಕಾಣುತ್ತದೆ, ಅದರೊಳಗೆ ಕಪ್ಪು ನೆರಳುಗಳು ಹರಿದಾಡುವುದೂ ಕಾಣುತ್ತದೆ. ನಕ್ಷತ್ರ ಮಿನುಗುವುದೂ ಇದೇ ಕಾರಣಕ್ಕೆ. ಹಾಳೆಯನ್ನು ನೋಡು ಅಂದೆ, ಕಿರಣಕ್ಕೆ ಕಣ್ಣು ಕೊಟ್ಟೀಯೆ, ಜೋಕೆ.

ಶಕ್ತಿ ಹೆಚ್ಚಿಸಿದರೆ ಬೆಳಕಿನ ಜೊತೆ ಏರಿಳಿತವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಬದಲಿಗೆ ಬೆಳಕು ಹಿಡಿಯುವ ಕಡೆ ಅಗಲವಾದ ಮಸೂರ ಇಡು, ಚೂರುಗಳೆಲ್ಲ ಒಂದುಗೂಡಿ ಏರಿಳಿತ ತಗ್ಗುತ್ತದೆ. ಲೇಸರಿನ ಸ್ಟ್ಯಾಂಡ್ ಎತ್ತರಿಸು, ಕಾದ ನೆಲದಿಂದ ಮೇಲೆ ಹೋದಷ್ಟೂ ಗಾಳಿಯ ಕುದಿತ ಕಡಿಮೆ. ಉದಯಪುರದ ಸೌರ ವೀಕ್ಷಣಾಲಯವನ್ನು ಫತೇಸಾಗರ ಸರೋವರದ ನಡುವಿನ ದ್ವೀಪದಲ್ಲಿ ಕಟ್ಟಿದ್ದೂ ಈ ಕುದಿತ ತಪ್ಪಿಸಲಿಕ್ಕೇ. ನೀರು ನೆಲದಷ್ಟು ಬೇಗ ಕಾಯುವುದಿಲ್ಲ, ಸೂರ್ಯನ ಬಿಂಬ ಅಷ್ಟು ನಡುಗುವುದಿಲ್ಲ. ನಿನ್ನ ತಾರಸಿಗೆ ಸರೋವರ ತರಲಾಗದು, ಆದರೆ ಹೊತ್ತು ಆರಿಸಿಕೊಳ್ಳಬಹುದು. ಬೆಳಿಗ್ಗೆ ಬಿಸಿಲು ಬಿದ್ದ ಸ್ವಲ್ಪ ಹೊತ್ತಿಗೆ ಒಮ್ಮೆ, ಸಂಜೆ ಹೊತ್ತು ಮುಳುಗುವ ಮುಂಚೆ ಇನ್ನೊಮ್ಮೆ ನೆಲದ ಬಿಸಿ, ಗಾಳಿಯ ಬಿಸಿ ಸಮವಾಗುವ ಗಳಿಗೆ ಬರುತ್ತದೆ. ಆಗ ಚುಕ್ಕೆ ಎಷ್ಟು ಸಮಾಧಾನವಾಗಿ ಕೂರುತ್ತದೆ ನೋಡು.

ಹಾಗಂತ ಆ ಹೊತ್ತಿನ ಅಳತೆ ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಎಸೆಯಬೇಡ. ನಿನ್ನ ವಯಸ್ಸಿನಲ್ಲಿ ನಾನು ಅದನ್ನೇ ಮಾಡಿದೆ. ಮಧ್ಯಾಹ್ನದ ಅಂಕಿಗಳೆಲ್ಲ ಕೆಟ್ಟವು ಎಂದು ಗೀಟು ಹಾಕಿದೆ. ಗಾಳಿಯ ವಿಷಯ ಹೇಳುತ್ತಿದ್ದದ್ದು ಅವೇ ಎಂದು ತಿಳಿಯುವ ಹೊತ್ತಿಗೆ ಆ ಬೇಸಿಗೆ ಮುಗಿದಿತ್ತು. ಈಗಲೂ ಆ ಗೀಟುಗಳು ನನ್ನನ್ನು ಚುಚ್ಚುತ್ತವೆ. ಕಿರಣದ ಮಿನುಗನ್ನೇ ಅಳೆದು ಹೊಲದಿಂದ ಏಳುವ ಶಾಖವನ್ನು ಲೆಕ್ಕ ಹಾಕುವ ಸಿಂಟಿಲೋಮೀಟರ್ ಎಂಬ ಉಪಕರಣವೇ ಇದೆ. ನಿನಗೆ ಕಾಟ ಅನ್ನಿಸಿದ್ದೇ ಅಲ್ಲಿ ಅಳತೆ.

ನಾಳೆಯಿಂದ ಪ್ರತಿ ಅಂಕಿಯ ಪಕ್ಕದಲ್ಲಿ ಹೊತ್ತು, ಬಿಸಿಲು, ಗಾಳಿಯ ಬೀಸು, ತಾರಸಿಯ ಬಿಸಿ ಇಷ್ಟನ್ನೂ ಬರೆ. ಮಧ್ಯಾಹ್ನ ಎರಡು ಗಂಟೆಯದನ್ನು ಮೊದಲು ಬರೆ.