ಹೇರು ಬಿಗಿ ಇರಲಿ



ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಎರಡು ಬಗೆಯ ನೆಲ ಇದೆ. ಗಂಗಾವತಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಇದೆ. ಅಲ್ಲಿ ಭತ್ತ ಬೆಳೆಯುತ್ತದೆ. ಹುಲ್ಲು ಬಹಳ ಸಿಗುತ್ತದೆ. ಕುಷ್ಟಗಿ, ಯಲಬುರ್ಗಾ ಕಡೆ ಹೆಚ್ಚಿನ ಹೊಲ ಮಳೆ ನಂಬಿದ ಹೊಲ. ಮಳೆ ಹೋದ ವರ್ಷ ಜೋಳದ ಕಣಕಿ ಸಾಲದು. ಬಣವಿ ಬರಿದಾಗುತ್ತದೆ. ಆಗ ಗಂಗಾವತಿಯ ಹುಲ್ಲು ತರಬೇಕು.

ಹುಲ್ಲು ಕೊಂಡರೆ ಆಯಿತೇ? ಅದು ಮನೆ ಮುಟ್ಟಬೇಕು. ದಾರಿಯಲ್ಲಿ ಯಾರಿಗೂ ಪೆಟ್ಟು ಆಗಬಾರದು. ಅದಕ್ಕೆ ಒಳ್ಳೆಯ ಹಗ್ಗ ಬೇಕು.

ಒಂದು ಮನೆಯ ಮಾತು ಕೇಳಿ.

ಯಲಬುರ್ಗಾ ಕಡೆಯ ಒಂದು ಊರು. ಒಂದು ಮನೆಯಲ್ಲಿ ಎರಡು ಎತ್ತು, ಒಂದು ಎಮ್ಮೆ. ಮೇವು ತೀರಿತು. ಟ್ರ್ಯಾಕ್ಟರ್ ಬಾಡಿಗೆ ಹಿಡಿದು ಗಂಗಾವತಿಯಿಂದ ಹುಲ್ಲು ತಂದರು. ಯಂತ್ರ ಸುತ್ತಿ ಕಟ್ಟಿದ ಹುಲ್ಲಿನ ಪೆಂಡಿಗಳು ಅವು. ಹೇರು ಎತ್ತರವಾಗಿತ್ತು. ಮನೆಯಲ್ಲಿದ್ದ ಹಳೆಯ ನೀಲಿ ಹಗ್ಗ ಕಟ್ಟಿದರು.

ನಡುದಾರಿಯಲ್ಲಿ ಒಂದು ತಗ್ಗು ಬಂತು. ಟ್ರೇಲರ್ ಜಿಗಿಯಿತು. ಹಗ್ಗ ಪಟ್ ಎಂದು ಹರಿಯಿತು. ಪೆಂಡಿಗಳು ರಸ್ತೆಗೆ ಉರುಳಿದವು. ಹಿಂದೆ ಒಬ್ಬ ಹುಡುಗ ಬೈಕಿನ ಮೇಲೆ ಬರುತ್ತಿದ್ದ. ಪೆಂಡಿಗೆ ಬಡಿದು ಬಿದ್ದ. ಅವನ ಕಾಲು ಮುರಿಯಿತು.

ಮನೆಯ ಸೊಸೆ ಆ ರಾತ್ರಿ ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ಅತ್ತೆಯ ಮುಂದೆ ಕೂತಳು.

"ಅತ್ತಿ, ಹಗ್ಗದಾಗ ನಾವು ರೊಕ್ಕ ಉಳಿಸಿದ್ವಿ. ಆ ಹುಡುಗನ ಕಾಲು ಹೋತು."

"ಹೌದವ್ವ. ಅವರ ತಾಯಿ ಮಾರಿ ನೋಡಾಕ ಆಗಲಿಲ್ಲ ನನಗ. ಮುಂದಿನ ಹೇರಿಗೆ ಛಲೋ ಹಗ್ಗ ತರೋಣು. ನಿನಗ ಓದಾಕ ಬರ್ತದ. ನೀನ ನೋಡಿ ತಗೋ."

ಸೊಸೆ ಪ್ಯಾಟಿಗೆ ಹೋದಳು. ನಾಲ್ಕು ಅಂಗಡಿ ಕೇಳಿದಳು. ಅವಳು ತಿಳಿದುಕೊಂಡದ್ದನ್ನು ನಾವೂ ತಿಳಿಯೋಣ.

ಹಗ್ಗಗಳಲ್ಲಿ ಬಗೆ

ಪುಂಡಿ ನಾರಿನ ಹಗ್ಗ: ನಮ್ಮ ಹಿರಿಯರು ಹೊಸೆದ ಹಗ್ಗ. ಕೈಗೆ ಹಿತ. ಗಂಟು ಜಾರುವುದಿಲ್ಲ. ಆದರೆ ನೆನೆದು ಹಾಗೇ ಬಿದ್ದರೆ ಕೊಳೆಯುತ್ತದೆ.

ಪ್ಲಾಸ್ಟಿಕ್ ಹಗ್ಗ: ಅಗ್ಗ, ಹಗುರ. ಬಿಸಿಲಿಗೆ ಬೇಗ ಸಾಯುತ್ತದೆ. ಮೇಲೆ ಬಿಳಿ ಪುಡಿ ಬಂದರೆ, ಎಳೆ ಮುರಿದು ಕೈಗೆ ಚುಚ್ಚಿದರೆ, ಅದರ ಆಯುಷ್ಯ ಮುಗಿಯಿತು. ಹರಿದ ಆ ನೀಲಿ ಹಗ್ಗ ಇದೇ.

ನೈಲಾನ್ ಹಗ್ಗ: ಗಟ್ಟಿ. ಆದರೆ ಹಿಗ್ಗುತ್ತದೆ. ನೆನೆದರೆ ಇನ್ನೂ ಹಿಗ್ಗುತ್ತದೆ. ಕಟ್ಟಿದಾಗ ಬಿಗಿ, ಹೋಗುತ್ತಾ ಸಡಿಲ.

ಪಾಲಿಯೆಸ್ಟರ್ ಪಟ್ಟಿ: ಇದನ್ನು ಲಾರಿಯವರು ಬೆಲ್ಟು ಎನ್ನುತ್ತಾರೆ. ಅಗಲ ಪಟ್ಟಿ. ಎರಡೂ ತುದಿಗೆ ಕಬ್ಬಿಣದ ಕೊಂಡಿ. ನಡುವೆ ಹಲ್ಲಿನ ಚಕ್ರ. ಹಿಡಿಕೆ ಆಡಿಸಿದರೆ ಪಟ್ಟಿ ಬಿಗಿಯುತ್ತದೆ. ಕಡಿಮೆ ಹಿಗ್ಗುತ್ತದೆ. ಅಗಲ ಇರುವುದರಿಂದ ಹುಲ್ಲನ್ನು ಕೊರೆಯುವುದಿಲ್ಲ.

ಅಂಗಡಿಯಲ್ಲಿ ಪ್ಲಾಸ್ಟಿಕ್ ಹಗ್ಗಕ್ಕೂ ನೈಲಾನ್ ಎಂದೇ ಹೇಳುವುದುಂಟು. ಒಂದು ಪರೀಕ್ಷೆ ಮಾಡಿ. ಒಂದು ಚೂರು ಹಗ್ಗ ನೀರಿನ ಚೆಂಬಿನಲ್ಲಿ ಹಾಕಿ ಒತ್ತಿ, ಗಾಳಿ ಬಿಡಿಸಿ. ಮತ್ತೆ ತೇಲಿ ಬಂದರೆ ಪ್ಲಾಸ್ಟಿಕ್. ಮುಳುಗಿದರೆ ನೈಲಾನ್ ಅಥವಾ ಪಾಲಿಯೆಸ್ಟರ್.

ಚೀಟಿ ಓದಿ

ಅಂಗಡಿಯವನು ಎರಡು ಪಟ್ಟಿ ತೋರಿಸಿದ. ಎರಡರ ಬಣ್ಣ ಒಂದೇ. ಒಂದಕ್ಕೆ ಚೀಟಿ ಹೊಲಿದಿತ್ತು. ಇನ್ನೊಂದಕ್ಕೆ ಇರಲಿಲ್ಲ.

"ಎರಡೂ ಒಂದ ಅದಾವ ಅಕ್ಕಾರ, ಅಗ್ಗದ್ದು ಒಯ್ರಿ" ಎಂದ.

"ಎಷ್ಟು ಭಾರ ತಡೀತದ ಅಂತ ಇದರಾಗ ಬರದಿಲ್ಲಲ್ಲಣ್ಣ. ಬರದದ್ದ ಕೊಡು" ಎಂದಳು ಸೊಸೆ.

ಚೀಟಿಯ ಅಕ್ಷರ ಹೆಚ್ಚಾಗಿ ಇಂಗ್ಲಿಷಿನಲ್ಲಿ ಇರುತ್ತದೆ. ಹೆದರಬೇಡಿ. ಅಂಕಿ ನಿಮಗೆ ಗೊತ್ತು. ಚೀಟಿಯಲ್ಲಿ ಎರಡು ಅಂಕಿ ಇರಬಹುದು. ದೊಡ್ಡದು ಹರಿಯುವ ಭಾರ. ಅಷ್ಟು ಎಳೆದರೆ ಪಟ್ಟಿ ಹರಿಯುತ್ತದೆ. ಚಿಕ್ಕದು ಕೆಲಸದ ಭಾರ. ಅದರ ಹತ್ತಿರ "ಡಬ್ಲ್ಯು ಎಲ್ ಎಲ್" ಎಂದು ಇರುತ್ತದೆ. ನಾವು ನಂಬಬೇಕಾದದ್ದು ಚಿಕ್ಕ ಅಂಕಿ. ಒಂದೇ ಅಂಕಿ ಇದ್ದರೆ ಅದು ಯಾವುದು ಎಂದು ಕೇಳಿ. ಹರಿಯುವ ಭಾರವಾದರೆ ಅದನ್ನು ಮೂರರಿಂದ ಭಾಗಿಸಿ.

ಎಷ್ಟು ಪಟ್ಟಿ ಬೇಕು?

ಒಂದು ಪೆಂಡಿ 15 ಕಿಲೋ ಎಂದು ಹಿಡಿಯಿರಿ. 100 ಪೆಂಡಿ ಹೇರಿದರೆ 1500 ಕಿಲೋ. ಅಮೆರಿಕ, ಕೆನಡಾ ದೇಶಗಳಲ್ಲಿ ಲಾರಿ ಹೇರಿಗೆ ಒಂದು ನಿಯಮ ಇದೆ. ಎಲ್ಲ ಪಟ್ಟಿಗಳ ಕೆಲಸದ ಭಾರ ಕೂಡಿಸಬೇಕು. ಅದು ಹೇರಿನ ತೂಕದ ಅರ್ಧಕ್ಕಿಂತ ಕಡಿಮೆ ಇರಬಾರದು. 1500ರ ಅರ್ಧ 750. ಒಂದು ಪಟ್ಟಿಯ ಕೆಲಸದ ಭಾರ 500 ಆದರೆ ಎರಡು ಪಟ್ಟಿ ಬೇಕು. ಹುಲ್ಲು ಕುಸಿಯುವ ಮಾಲು. ನಮ್ಮ ರಸ್ತೆಯಲ್ಲಿ ತಗ್ಗು ಬಹಳ. ಆದ್ದರಿಂದ ಮೂರು ಹಾಕಿ.

ಒಂದು ಕೊಂಡಿಯ ಪಾಠ

2024ರ ಆಗಸ್ಟ್ 10ರ ರಾತ್ರಿ ನಿಮಗೆ ನೆನಪಿರಬೇಕು. ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾಯಿತು. ಗೇಟು ಕೊಚ್ಚಿಹೋಯಿತು. ಅಣೆಕಟ್ಟಿಗೆ 33 ಗೇಟು. ಕೆಟ್ಟದ್ದು ಒಂದು. ಆದರೂ ಎಷ್ಟೋ ನೀರು ಹೊಳೆಗೆ ಹರಿದುಹೋಯಿತು. ರೈತರ ಎದೆ ಒಡೆಯಿತು.

ನಮ್ಮ ಹೇರಿನ ಮಾತೂ ಹಾಗೇ. ಪಟ್ಟಿ ಎಷ್ಟೇ ಗಟ್ಟಿ ಇದ್ದರೂ ಕೊಂಡಿ ಬಾಗಿದ್ದರೆ ಏನು ಬಂತು? ಪಟ್ಟಿ, ಹೊಲಿಗೆ, ಕೊಂಡಿ, ಟ್ರೇಲರಿನ ಬಳೆ, ನಾಲ್ಕನ್ನೂ ನೋಡಿ. ಅಂಚು ಹರಿದ ಪಟ್ಟಿ ಬೇಡ. ಹೊಲಿಗೆ ಬಿಚ್ಚಿದ ಪಟ್ಟಿ ಬೇಡ. ಹರಿದ ಪಟ್ಟಿಗೆ ಗಂಟು ಹಾಕಿ ಬಳಸಬೇಡಿ. ಗಂಟು ಇದ್ದ ಕಡೆ ಅದರ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಕಟ್ಟುವಾಗ, ಹೋಗುವಾಗ

1. ಕಬ್ಬಿಣದ ಅಂಚು ತಾಗುವಲ್ಲಿ ಹಳೆಯ ಟ್ಯೂಬಿನ ತುಂಡು ಅಥವಾ ಗೋಣಿ ಮಡಿಸಿ ಇಡಿ.

2. ಐದಾರು ಕಿಲೋಮೀಟರ್ ಹೋದ ಮೇಲೆ ನಿಲ್ಲಿಸಿ. ಹುಲ್ಲು ಕುಸಿದಿರುತ್ತದೆ. ಮತ್ತೆ ಬಿಗಿಯಿರಿ.

3. ಹೇರಿನ ಮೇಲೆ ಯಾರೂ ಕೂರಬೇಡಿ. ಮಕ್ಕಳನ್ನಂತೂ ಕೂರಿಸಲೇಬೇಡಿ.

4. ಹೇರು ಟ್ರೇಲರಿನ ಮೈ ಮೀರಿ ಪಕ್ಕಕ್ಕೆ ಚಾಚಬಾರದು. 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆಯಲ್ಲಿ ಇದಕ್ಕೆ 20,000 ರೂಪಾಯಿ ದಂಡ ಇದೆ.

5. ಜೋತುಬಿದ್ದ ಕರೆಂಟ್ ತಂತಿ ನೋಡಿ. ತಂತಿ ತಾಗಿದರೆ ಹುಲ್ಲಿಗೆ ಬೆಂಕಿ ಬೀಳುತ್ತದೆ. ತಂತಿ ಜೋತಿದ್ದರೆ 1912ಕ್ಕೆ ಫೋನ್ ಮಾಡಿ. ಬೆಂಕಿ ಬಿದ್ದರೆ 112.

6. ಬಿಚ್ಚುವ ಮೊದಲು ಸುತ್ತ ಒಮ್ಮೆ ನಡೆದು ನೋಡಿ. ಹೇರು ಯಾವ ಕಡೆ ವಾಲಿದೆಯೋ ಆ ಕಡೆ ನಿಲ್ಲಬೇಡಿ.

7. ಕೆಲಸ ಮುಗಿದ ಮೇಲೆ ಪಟ್ಟಿ ಒಣಗಿಸಿ, ಸುತ್ತಿ, ನೆರಳಲ್ಲಿ ತೂಗುಹಾಕಿ. ಇಲಿ ಕಡಿಯದಂತೆ ನೋಡಿ.

ಒಂದು ಮನೆಗೆ ಮೂರು ಪಟ್ಟಿ ಕೊಳ್ಳುವುದು ಭಾರ ಅನಿಸಬಹುದು. ಸೊಸೆಗೂ ಹಾಗೇ ಅನಿಸಿತು. ಅವಳು ಸಂಘದಲ್ಲಿ ಮಾತು ತೆಗೆದಳು. ಹತ್ತು ಮನೆಯವರು ಕೂಡಿ ಕೊಂಡರು. ಯಾರು ಒಯ್ದರು, ಯಾವಾಗ ತಂದರು ಎಂದು ಪುಸ್ತಕದಲ್ಲಿ ಬರೆಯುತ್ತಾರೆ. ಬರೆಯುವವಳು ಸೊಸೆಯೇ.

ಮುಂದಿನ ಹೇರು ಕನಕಗಿರಿ, ತಾವರಗೇರಾ, ಕುಷ್ಟಗಿ ದಾಟಿ ಊರು ಮುಟ್ಟಿತು. ಒಂದು ಪೆಂಡಿಯೂ ಬೀಳಲಿಲ್ಲ. ಅತ್ತೆ ಎಮ್ಮೆಗೆ ಹುಲ್ಲು ಹಾಕುತ್ತಾ ಅಂದಳು: "ನೀ ಓದಿದ್ದು ಇವತ್ತ ನಮ್ಮ ಎಮ್ಮಿಗೂ ಉಪಯೋಗ ಆತು ನೋಡವ್ವ."

ಉತ್ತರ ಹೇಳಿ

1. ನೀಲಿ ಹಗ್ಗ ಯಾಕೆ ಹರಿಯಿತು?

2. ಚೀಟಿಯಲ್ಲಿ 1500 ಮತ್ತು 500 ಎಂದು ಇದೆ. ಯಾವ ಅಂಕಿಯನ್ನು ನಂಬಬೇಕು?

ಲೆಕ್ಕ ಮಾಡಿ

ಒಂದು ಪೆಂಡಿ 15 ಕಿಲೋ. 120 ಪೆಂಡಿಯ ತೂಕ ಎಷ್ಟು? ಅದರ ಅರ್ಧ ಎಷ್ಟು?

ಮಾಡಿ ನೋಡಿ

ನಿಮ್ಮ ಮನೆಯ ಹಗ್ಗವನ್ನು ಈವತ್ತೇ ಬಿಸಿಲಿಗೆ ತಂದು ನೋಡಿ. ಕಂಡದ್ದನ್ನು ಎರಡು ಸಾಲು ಬರೆಯಿರಿ.