ಶಿಲ್ಪದರ್ಶನಕ್ಕೊಂದು ಮೊದಲ ಪಾಠ

ಶಾಲೆಯ ಮಕ್ಕಳು ಪ್ರವಾಸದಿಂದ ಮರಳುವಾಗ ದೇವಾಲಯವನ್ನು ಕಟ್ಟಿಸಿದ ಅರಸನ ಹೆಸರನ್ನು ತಪ್ಪದೆ ಬರೆದುಕೊಂಡಿರುತ್ತಾರೆ. ಕಲ್ಲು ಯಾವುದು, ಕಡೆದವರು ಯಾರು ಎಂಬುದು ಅವರ ಟಿಪ್ಪಣಿಯಲ್ಲಿ ಕಾಣುವುದು ವಿರಳ. ಶಿಲ್ಪದ ಚರಿತ್ರೆಯಾದರೋ ಈ ಎರಡು ಪ್ರಶ್ನೆಗಳಿಂದಲೇ ಆರಂಭವಾಗತಕ್ಕದ್ದು.

ಬಾದಾಮಿಯ ಬೆಟ್ಟ ಕೆಂಪು ಮರಳುಗಲ್ಲಿನದು. ಚಾಲುಕ್ಯರ ಕಾಲದ ಶಿಲ್ಪಿಗಳು ಅಲ್ಲಿ ಬಂಡೆಯನ್ನೇ ಒಳಕ್ಕೆ ಕೊರೆದು ಗುಹಾಲಯಗಳನ್ನು ನಿರ್ಮಿಸಿದರು. ಮೂರನೆಯ ಗುಹೆಯ ಶಾಸನದ ಕಾಲ ಕ್ರಿ.ಶ. 578. ಇಲ್ಲಿನ ಮೂರ್ತಿಗಳು ಬಂಡೆಯಿಂದ ಬೇರ್ಪಡದ ಉಬ್ಬುಶಿಲ್ಪಗಳು. ಆಭರಣ ಮಿತ, ಮೈಕಟ್ಟು ಬಲಿಷ್ಠ. ಮೊದಲನೆಯ ಗುಹೆಯ ನಟರಾಜನಿಗೆ 18 ಕೈಗಳು. ಬೀಸಣಿಗೆಯಂತೆ ಹರಡಿದ ಆ ಕೈಗಳನ್ನು ಒಂದೊಂದಾಗಿ ನೋಡುತ್ತ ಹೋದರೆ, ಅಚಲವಾದ ಕಲ್ಲಿನಲ್ಲಿ ನೃತ್ಯದ ಚಲನೆಯನ್ನು ಹಿಡಿದಿಟ್ಟ ಬಗೆ ವಿಶದವಾಗುತ್ತದೆ.

ಶ್ರವಣಬೆಳಗೊಳದ ಗೊಮ್ಮಟಮೂರ್ತಿ ದುಂಡುಶಿಲ್ಪಕ್ಕೆ ನಿದರ್ಶನ. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಚಾವುಂಡರಾಯನು ಮಾಡಿಸಿದ, ಸುಮಾರು 58 ಅಡಿ ಎತ್ತರದ ಈ ಮೂರ್ತಿ ಗಡುಸಾದ ಗ್ರಾನೈಟ್ ಶಿಲೆಯದು. ಅಂಥ ಕಲ್ಲು ಸೂಕ್ಷ್ಮ ಕುಸುರಿಗೆ ಸುಲಭವಾಗಿ ಒಗ್ಗದು. ವಿಶಾಲವಾದ ನುಣುಪು, ನಿರಾಡಂಬರವಾದ ರೇಖೆ, ಇವೇ ಅದರ ಗಾಂಭೀರ್ಯ.

ಬೇಲೂರಿಗೆ ಬಂದರೆ ಕಲ್ಲೇ ಬೇರೆ. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯ ಬಳಪದ ಕಲ್ಲಿನದು. ಗಣಿಯಿಂದ ತೆಗೆದಾಗ ಇದು ಮೆದು. ಗಾಳಿಗೆ ಒಡ್ಡಿದಂತೆ ಕ್ರಮೇಣ ಗಡುಸಾಗುತ್ತದೆ. ಮದನಿಕೆಯರ ಹಾರದ ಮಣಿಗಳನ್ನು ಬಿಡಿಬಿಡಿಯಾಗಿ ಬಿಡಿಸಲು ಉಳಿಗೆ ಸಾಧ್ಯವಾದದ್ದು ಇದರಿಂದ. ಹೀಗೆಂದು ಕುಸುರಿ ಹೆಚ್ಚಿದಷ್ಟೂ ಕಲೆ ಮೇಲೇರಿತೆಂದು ಬಗೆಯುವುದು ಸಲ್ಲದು. ಬಾದಾಮಿಯ ಶಿಲ್ಪಿ ಬೇಲೂರಿನವನಿಗಿಂತ ಕಿರಿಯನಲ್ಲ. ಅವನ ಕೈಗೆ ದೊರೆತ ಕಲ್ಲು ಬೇರೆ, ಕಾಲದ ಅಭಿರುಚಿ ಬೇರೆ.

ಭಾರತದ ಶಿಲ್ಪಿಗಳೆಲ್ಲ ಅನಾಮಧೇಯರೆಂಬ ಮಾತು ಕರ್ನಾಟಕಕ್ಕೆ ಪೂರ್ತಿ ಅನ್ವಯಿಸದು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಸ್ಥಪತಿ ಗುಂಡನಿಗೆ ಬಿರುದು ಸಂದದ್ದನ್ನು ಅಲ್ಲಿನ ಶಾಸನವೇ ಹೇಳುತ್ತದೆ. ಬೇಲೂರಿನ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣರ ಹೆಸರುಗಳಿವೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಹಲವೆಡೆ ಬರುತ್ತದೆ. ಶಾಸನಗಳು ಶಿಲ್ಪಿಯನ್ನು ‘ರೂವಾರಿ’ ಎನ್ನುತ್ತವೆ. ‘ರೂಪಕಾರಿ’ ಎಂಬುದರ ತದ್ಭವವಿದು, ಕನ್ನಡದ ಬಾಯಲ್ಲಿ ಪಳಗಿ ಬಂದ ಸೊಗಸಾದ ಪದ.

ಈ ಹೆಸರುಗಳನ್ನು ಓದಬೇಕಾದರೆ ಬೆಳಗಿನ ಅಥವಾ ಸಂಜೆಯ ಓರೆಬಿಸಿಲು ಉತ್ತಮ. ನಡುಹಗಲ ಬೆಳಕಿನಲ್ಲಿ ಅಕ್ಷರಗಳು ಅಡಗಿಬಿಡುತ್ತವೆ. ಬಳಪದ ಕಲ್ಲು ಮೊಳೆಯ ತುದಿಗೂ ಗೀರುಬೀಳುವಂಥದು. ನೋಡಬಂದವನೊಬ್ಬನು ತನ್ನ ಹೆಸರನ್ನು ಕೆತ್ತಲು ಹೊರಟರೆ ಅಳಿಯುವುದು ದಾಸೋಜನ ಹೆಸರು.